ಪುಶ್ ಮಾಡಿದ ಚೆಂಡು ನೆಟ್‌ಗೇ ಏಕೆ ಹೋಗುತ್ತದೆ?

ಪ್ರಶ್ನೆ: ಟೇಬಲ್ ಟೆನಿಸ್‌ನಲ್ಲಿ ಡ್ರೈವ್ (ಚೆಂಡನ್ನು ಮುಂದಕ್ಕೆ ಹೊಡೆಯುವುದು) ರ್‍ಯಾಲಿ ಚೆನ್ನಾಗಿಯೇ ಆಡುತ್ತೇನೆ. ಎದುರಾಳಿ ಪುಶ್ ಮಾಡಿದ (ಚೆಂಡಿನ ಅಡಿಯನ್ನು ಸವರಿ ಮೆಲ್ಲಗೆ ತಳ್ಳಿದ) ಚೆಂಡನ್ನು ಹೊಡೆಯಲು ಹೋದರೆ ಮಾತ್ರ ನೆಟ್‌ಗೆ ಬೀಳುತ್ತದೆ. ಬ್ಯಾಕ್‌ಹ್ಯಾಂಡ್‌ನಲ್ಲಂತೂ ಹೆಚ್ಚುಕಡಿಮೆ ಎಲ್ಲವೂ. ಎಲ್ಲಿ ತಪ್ಪುತ್ತಿದೆ?

ಉತ್ತರ: ತಪ್ಪು ಬಲದಲ್ಲಿಲ್ಲ, ದಿಕ್ಕಿನಲ್ಲಿದೆ. ಪುಶ್ ಆದ ಚೆಂಡಿಗೆ ಬ್ಯಾಕ್‌ಸ್ಪಿನ್ ಇರುತ್ತದೆ. ಅಂದರೆ ನಿಮ್ಮ ಕಡೆಗಿರುವ ಅದರ ಮೈ ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾ ಬರುತ್ತದೆ. ಬ್ಯಾಟಿನ ರಬ್ಬರ್ ಅದನ್ನು ಕಚ್ಚಿದೊಡನೆ ಚೆಂಡು ಕೆಳಕ್ಕೆ ಜಾರುತ್ತದೆ. ಡ್ರೈವ್‌ಗೆ ಮಾಡುವಂತೆ ಬ್ಯಾಟನ್ನು ಬಗ್ಗಿಸಿ ಮುಂದಕ್ಕೆ ದೂಡಿದರೆ 15.25 ಸೆಂ.ಮೀ. ಎತ್ತರದ ನೆಟ್ಟನ್ನೂ ಅದು ದಾಟದು. ಇನ್ನಷ್ಟು ಜೋರಾಗಿ ಹೊಡೆದರೆ ಇನ್ನಷ್ಟು ಜೋರಾಗಿ ನೆಟ್‌ಗೆ ಹೋಗುತ್ತದೆ, ಅಷ್ಟೇ.

ಫೋರ್‌ಹ್ಯಾಂಡ್‌ಗೆ (ಬಲಗೈಯವರ ಲೆಕ್ಕದಲ್ಲಿ) ಬಲಗಾಲು ತುಸು ಹಿಂದಿರಲಿ. ಮಂಡಿ ಬಗ್ಗಿಸಿ, ಭಾರವನ್ನು ಬಲಗಾಲಿಗೆ ಕೊಟ್ಟು ಬ್ಯಾಟನ್ನು ಮಂಡಿಯ ಹತ್ತಿರಕ್ಕೆ ಇಳಿಸಿ. ಬ್ಯಾಟಿನ ಮುಖ ಬಹುತೇಕ ನೆಟ್ಟಗಿರಲಿ. ಚೆಂಡು ಪುಟಿದು ತುದಿ ಮುಟ್ಟಿ ಇಳಿಯತೊಡಗಿದಾಗ ಅದರ ಮೈಯನ್ನು ಮೇಲಕ್ಕೆ ಸವರಿಕೊಂಡು ಹೋಗಿ. ಬ್ಯಾಟು ಹಣೆಯ ಮಟ್ಟದಲ್ಲಿ ನಿಲ್ಲಬೇಕು. ಕಾಲು, ಸೊಂಟ ಮೊದಲು ಏಳಬೇಕು, ತೋಳು ಆಮೇಲೆ. ಸರಿಯಾಯಿತೋ ಇಲ್ಲವೋ ಎಂಬುದನ್ನು ಕಿವಿಯೇ ಹೇಳುತ್ತದೆ: ಮರಕ್ಕೆ ಬಡಿದಂತೆ ‘ಟಕ್’ ಎಂದರೆ ನೀವು ಸವರಿಲ್ಲ, ಗುದ್ದಿದ್ದೀರಿ.

ಬ್ಯಾಕ್‌ಹ್ಯಾಂಡ್ ಕಷ್ಟವಾಗುವುದು ಮೈಯೇ ಅಡ್ಡ ಬರುವುದರಿಂದ. ಬಹುತೇಕರು ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಳ್ಳುತ್ತಾರೆ. ಆಗ ಬ್ಯಾಟು ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಮೊಣಕೈಯನ್ನು ಮುಂದೆ ತಂದು ಅಲ್ಲೇ ನಿಲ್ಲಿಸಿ. ಪಾದಗಳು ಸಮವಾಗಿರಲಿ. ಬ್ಯಾಟನ್ನು ತೊಡೆಗಳ ನಡುವೆ ಇಳಿಸಿ, ಮಣಿಕಟ್ಟನ್ನು ಒಳಕ್ಕೆ ಮಡಿಸಿ. ನಂತರ ಮುಂಗೈ ಬಾಗಿಲಿನಂತೆ ತೆರೆದುಕೊಳ್ಳಲಿ, ಮಣಿಕಟ್ಟು ಕೊನೆಯಲ್ಲಿ ಬಿಚ್ಚಿಕೊಳ್ಳಲಿ. ಚೆಂಡು ಹೊಟ್ಟೆಯ ಮುಂದೆಯೇ ಸಿಗಬೇಕು. ಪಕ್ಕಕ್ಕೆ ಹೋದ ಚೆಂಡಿಗೆ ಕೈ ಚಾಚುವುದಲ್ಲ, ಕಾಲು ಹಾಕುವುದು. ಹಿಡಿತ ಬಿಗಿಯಾದರೆ ಮಣಿಕಟ್ಟು ಸತ್ತಂತೆ. ಚೆಂಡು ಏಳಲೆಂದು ಹಿಂದಕ್ಕೆ ವಾಲುವುದೂ ಬೇಡ.

ರಬ್ಬರ್‌ನಲ್ಲಿ ಧೂಳು ಕೂತಿದ್ದರೆ ಚೆಂಡು ಜಾರುತ್ತದೆ. ಒದ್ದೆ ಸ್ಪಂಜಿನಿಂದ ಒರೆಸಿ.

ಅಭ್ಯಾಸಕ್ಕೆ ಮ್ಯಾಚ್ ಆಡಬೇಡಿ. ಜೊತೆಗಾರರು ಒಂದೇ ಜಾಗಕ್ಕೆ 30–40 ಚೆಂಡುಗಳನ್ನು ಉದ್ದಕ್ಕೆ ಪುಶ್ ಮಾಡಲಿ. ಮೊದಲಿಗೆ ಚೆಂಡು ನೆಟ್ ಮೇಲೆ ಒಂದು ಅಡಿ ಎತ್ತರದಲ್ಲಿ ಹೋದರೂ ಸರಿ. ಟೇಬಲ್ ದಾಟಿ ಹೊರಗೆ ಹೋಗುತ್ತಿದ್ದರೆ ಸವರುವ ವೇಗ ಇಳಿಸಬೇಡಿ, ಬ್ಯಾಟಿನ ಮುಖವನ್ನು ತುಸು ಮುಚ್ಚಿ (ಟೇಬಲ್ ಕಡೆಗೆ ಬಗ್ಗಿಸಿ).

ಇದು ಕೈಗೆ ಹತ್ತಿದ ಮೇಲೆ ಇನ್ನೊಂದು ಕಾಟ ಶುರುವಾಗುತ್ತದೆ. ನೀವು ಹೀಗೆ ಮೇಲಕ್ಕೆ ಸವರಿ ಎಳೆದ ಚೆಂಡನ್ನು ಎದುರಾಳಿ ಬ್ಲಾಕ್ ಮಾಡಿದರೆ (ಬ್ಯಾಟನ್ನು ಅಡ್ಡ ಹಿಡಿದು ಮರಳಿಸಿದರೆ) ಅದರಲ್ಲಿ ಬ್ಯಾಕ್‌ಸ್ಪಿನ್ ಇರುವುದಿಲ್ಲ. ಅದನ್ನೂ ಮಂಡಿಯಿಂದ ಎತ್ತಿದರೆ ಟೇಬಲ್ ಆಚೆಗೆ ಹಾರುತ್ತದೆ. ಎರಡನೆಯ ಚೆಂಡಿಗೆ ಬ್ಯಾಟು ಸೊಂಟದ ಮಟ್ಟದಲ್ಲೇ ಇದ್ದು, ಮುಖ ಮುಚ್ಚಿ, ಮುಂದಕ್ಕೆ ಹೋಗಬೇಕು. ಆದ್ದರಿಂದ ಎರಡನೇ ವಾರದಿಂದ ಒಂದು ಎಳೆತ, ಒಂದು ಡ್ರೈವ್, ಹೀಗೆ ಜೋಡಿಯಾಗಿಯೇ ಆಡಿಸಿಕೊಳ್ಳಿ.