ಒನ್‌ಲೈನ್ ಬೇರೆ, ಒನ್‌ಲೈನ್ ಆರ್ಡರ್ ಬೇರೆ: ಸಿನಿಮಾ ಡೆವಲಪ್‌ಮೆಂಟ್ ಹಂತದ ಟಿಪ್ಪಣಿ

ಚಿಕ್ಕಬಳ್ಳಾಪುರದಲ್ಲಿ ನಾವು ನಾಲ್ಕು ಜನ ಭಾನುವಾರ ಸೇರಿ ಒಂದು ಸಿನಿಮಾ ಕಥೆ ಕಟ್ಟುತ್ತಿದ್ದೇವೆ. ಕ್ಯಾಮೆರಾ ಇಲ್ಲ, ನಟರಿಲ್ಲ, ದುಡ್ಡೂ ಇಲ್ಲ. ಈ ಹಂತಕ್ಕೇ ಡೆವಲಪ್‌ಮೆಂಟ್ ಅಂತ ಹೆಸರು. ಕಥೆ ಹೊಳೆದ ದಿನ ಶುರುವಾಗಿ, ಸ್ಕ್ರಿಪ್ಟ್ ಗಟ್ಟಿಯಾಗಿ, ದುಡ್ಡು ಹಾಕುವವರು ‘ಸರಿ, ಮಾಡೋಣ’ ಅಂದಾಗ ಇದು ಮುಗಿಯುತ್ತದೆ. ಲೊಕೇಶನ್ ಹುಡುಕೋದು, ಕಾಲ್‌ಶೀಟ್ (ಯಾರು ಯಾವತ್ತು ಶೂಟಿಂಗ್‌ಗೆ ಬರಬೇಕು ಅನ್ನೋದು) ಹಾಕೋದು ಎಲ್ಲ ಆಮೇಲಿನ ಪ್ರೀ-ಪ್ರೊಡಕ್ಷನ್, ಅಂದರೆ ಶೂಟಿಂಗ್ ತಯಾರಿಯ ಕೆಲಸ. ನಾನು ಒಂದೇ ಕಡೆ ಎರಡು ತಿಂಗಳು ಸಿಕ್ಕಿಹಾಕಿಕೊಂಡಿದ್ದೆ. ಮೊನ್ನೆ ಬಿಡಿಸಿಕೊಂಡಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಒನ್‌ಲೈನ್

ಇಡೀ ಕಥೆ ಒಂದೇ ವಾಕ್ಯದಲ್ಲಿ. ಯಾರು, ಏನು ಬೇಕು, ಏನು ಅಡ್ಡ, ತಪ್ಪಿದರೆ ಏನು ಹೋಗುತ್ತದೆ. ಇದನ್ನೇ ಲಾಗ್‌ಲೈನ್ ಅಂತಲೂ ಅನ್ನುತ್ತಾರೆ. ನಮ್ಮದು ಹೀಗಿದೆ: ‘ಗಂಡ ತೀರಿಕೊಂಡ ಮೇಲೆ ಒಬ್ಬಳೇ ರೇಷ್ಮೆ ಹುಳು ಸಾಕಿದ ಹೆಂಗಸು, ತನ್ನ ಮೊದಲ ಬೆಳೆಯನ್ನು ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆಗೆ ಮಾರಬೇಕು, ಇಲ್ಲದಿದ್ದರೆ ಬೋರ್‌ವೆಲ್ ಸಾಲಕ್ಕೆ ತೋಟ ಹೋಗುತ್ತದೆ.’

ಇದರಲ್ಲಿ ಅವಸರ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ, ರೇಷ್ಮೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಚಂದ್ರಿಕೆಯಿಂದ (ಹುಳು ಗೂಡು ಕಟ್ಟಲು ಬಿಡುವ ತಟ್ಟೆ) ಬಿಡಿಸಿದ ಗೂಡನ್ನು ಬೆಲೆ ಬರಲಿ ಅಂತ ಇಟ್ಟುಕೊಂಡು ಕೂರೋಕೆ ಆಗಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ಉದ್ದದ ಎಳೆ ಸಿಗುವುದಿಲ್ಲ. ಹೀಗೆ ಗಡಿಯಾರ ಕಥೆಯ ಒಳಗೇ ಇದ್ದರೆ ವಿಲನ್ ಕೈಯಲ್ಲಿ ಗಡುವು ಹೇಳಿಸಬೇಕಾಗಿಲ್ಲ. ನಿಮ್ಮ ಊರಿನ ಕೆಲಸದಲ್ಲೇ ಇಂಥದ್ದು ಸಿಗುತ್ತದಾ ನೋಡಿ. ಟೊಮೆಟೊ, ಹಾಲು, ದ್ರಾಕ್ಷಿ, ಎಲ್ಲಕ್ಕೂ ಅದರದ್ದೇ ಗಡಿಯಾರ ಇದೆ ಅಲ್ವಾ?

ಒನ್‌ಲೈನ್ ಆರ್ಡರ್

ನಾನು ಎಡವಿದ್ದು ಇಲ್ಲಿ. ಸಿನಿಮಾದಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು ‘ಒನ್‌ಲೈನ್ ಆರ್ಡರ್ ತನ್ನಿ, ನೋಡೋಣ’ ಅಂದರು. ನಾವು ಆ ಒಂದು ವಾಕ್ಯ ಬರೆದುಕೊಂಡು ಹೋದೆವು. ಅವರು ಕೇಳಿದ್ದು ಇಡೀ ಚಿತ್ರದ ದೃಶ್ಯಗಳ ಪಟ್ಟಿ. ಒಂದು ದೃಶ್ಯಕ್ಕೆ ಒಂದು ಸಾಲು, ಮೊದಲಿಂದ ಕೊನೆಯವರೆಗೆ, ಚಿತ್ರದಲ್ಲಿ ಬರುವ ಕ್ರಮದಲ್ಲೇ. ಹೆಸರು ಹತ್ತಿರ ಇದ್ದರೂ ಕೆಲಸ ಪೂರ್ತಿ ಬೇರೆ. ಒನ್‌ಲೈನ್ ಕೇಳುವವರಲ್ಲಿ ಆಸೆ ಹುಟ್ಟಿಸಬೇಕು. ಆರ್ಡರ್, ಕಥೆ ಗಟ್ಟಿಯಾಗಿ ನಿಲ್ಲುತ್ತದಾ ಅಂತ ತೋರಿಸಬೇಕು.

ಸರಿ, ಪಟ್ಟಿ ಮಾಡಿದೆ. 94 ಸಾಲು ಆಯಿತು. ಅದರಲ್ಲಿ ನಾಲ್ಕು:

12. ಅವಳು ಮಾರುಕಟ್ಟೆಗೆ ಬರುತ್ತಾಳೆ.
13. ಗೂಡು ಸುರಿಯುತ್ತಾಳೆ.
14. ಪಕ್ಕದವರ ಜೊತೆ ಟೀ ಕುಡಿಯುತ್ತಾಳೆ.
15. ಹರಾಜು ಶುರುವಾಗುತ್ತದೆ.

ಭಾನುವಾರ ಓದಿ ಹೇಳಿದೆ. 15ಕ್ಕೆ ಬರುವಷ್ಟರಲ್ಲಿ ಗೆಳತಿಯೊಬ್ಬಳು ತಡೆದು, ‘ಇಷ್ಟು ಹೊತ್ತಲ್ಲಿ ಇವಳಿಗೆ ಏನಾಯ್ತು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬರೆದದ್ದು ಅವಳು ಮಾಡಿದ ಕೆಲಸಗಳನ್ನು. ದೃಶ್ಯಕ್ಕೆ ಬೇಕಾದದ್ದು ಅವಳಿಗೆ ಆದ ಬದಲಾವಣೆ.

ಆಮೇಲೆ ಒಂದು ಉಪಾಯ ಮಾಡಿಕೊಂಡೆ. ಈಗ ಅದನ್ನು ಎಲ್ಲದಕ್ಕೂ ಬಳಸುತ್ತೇನೆ. ಪ್ರತಿ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಎರಡು ಮಾತು: ಬರುವಾಗ, ಹೋಗುವಾಗ. ಪಾತ್ರ ಆ ದೃಶ್ಯಕ್ಕೆ ಬರುವಾಗ ಹೇಗಿದ್ದಳು, ಬಿಟ್ಟು ಹೋಗುವಾಗ ಹೇಗಿದ್ದಾಳೆ. ಎರಡೂ ಒಂದೇ ಆದರೆ ಆ ಸಾಲು ಹೊಡೆದು ಹಾಕಿ, ಇಲ್ಲವೇ ಪಕ್ಕದ ಸಾಲಿಗೆ ಸೇರಿಸಿ.

12ರಿಂದ 14ಕ್ಕೆ ಹಾಕಿ ನೋಡಿದೆ. ಬರುವಾಗ: ಧೈರ್ಯವಾಗಿದ್ದಾಳೆ. ಹೋಗುವಾಗ: ಧೈರ್ಯವಾಗಿಯೇ ಇದ್ದಾಳೆ. ಮೂರಕ್ಕೂ ಅದೇ. 15ರಲ್ಲಿ ಹರಾಜು ಬರೀ ಶುರುವಾಗಿದೆ, ಅವಳ ಮೇಲೆ ಏನೂ ಬಿದ್ದಿಲ್ಲ. ನಾಲ್ಕನ್ನೂ ಸೇರಿಸಿ ಒಂದು ಮಾಡಿದೆ: ‘ಗೂಡು ಸುರಿಯುವಾಗ ಪಕ್ಕದವರ ಗೂಡಿನ ರಾಶಿಗೆ ಬಂದ ಬೆಲೆ ಕಿವಿಗೆ ಬೀಳುತ್ತದೆ, ಅವಳು ಹಾಕಿಕೊಂಡಿದ್ದ ಲೆಕ್ಕಕ್ಕಿಂತ ಬಹಳ ಕಡಿಮೆ.’ ಬರುವಾಗ ಧೈರ್ಯ, ಹೋಗುವಾಗ ದಿಗಿಲು. ಈಗ ಮುಂದಿನ ದೃಶ್ಯ ತಾನಾಗಿ ಕೇಳಿಕೊಂಡು ಬರುತ್ತದೆ: ಹರಾಜಿನಲ್ಲಿ ಬಂದ ಬೆಲೆಗೆ ಅವಳು ಒಪ್ಪುತ್ತಾಳಾ, ಬೇಡ ಅಂತಾಳಾ?

ಇದರಲ್ಲೂ ನನಗೆ ಎರಡು ಗೊಂದಲ ಆದವು. ಮೊದಲನೆಯದು, ಮನೆಯಿಂದ ಮಾರುಕಟ್ಟೆಗೆ ಹೋದರೆ ಅದೂ ಬದಲಾವಣೆ ಅಂದುಕೊಂಡಿದ್ದೆ. ಅಲ್ಲ. ಜಾಗ ಬದಲಾದರೆ ಸಾಲದು. ಅವಳಿಗೆ ಗೊತ್ತಿರುವುದು, ಅವಳ ಕೈಯಲ್ಲಿರುವುದು, ಅವಳ ಜೊತೆ ನಿಂತವರು, ಇವುಗಳಲ್ಲಿ ಒಂದಾದರೂ ಬದಲಾಗಬೇಕು.

ಎರಡನೆಯದು ಇನ್ನೂ ಕಷ್ಟದ್ದು. ಒಂದು ರಾತ್ರಿ ಅವಳು ಹುಳು ಮನೆಯಲ್ಲಿ ಸುಮ್ನೆ ಕೂತಿರುತ್ತಾಳೆ. ಸೊಪ್ಪು ತಿನ್ನುವ ಸದ್ದು, ಮಳೆ ಬಂದ ಹಾಗೆ. ಗೋಡೆಯ ಮೇಲೆ ಗಂಡ ಸೀಮೆಸುಣ್ಣದಲ್ಲಿ ಬರೆದ ಹಳೆ ಸಾಲದ ಲೆಕ್ಕ. ಅವಳಲ್ಲಿ ಏನೂ ಬದಲಾಗುವುದಿಲ್ಲ. ನನ್ನ ಉಪಾಯದ ಪ್ರಕಾರ ಇದನ್ನು ಹೊಡೆದು ಹಾಕಬೇಕು. ಮನಸ್ಸು ಒಪ್ಪಲಿಲ್ಲ. ಕೊನೆಗೆ ತಿಳಿಯಿತು: ಇಲ್ಲಿ ಬದಲಾಗುವುದು ನೋಡುವವರು. ಎಷ್ಟು ಸಾಲ ಇತ್ತು ಅಂತ ಪ್ರೇಕ್ಷಕರಿಗೆ ಆ ಗೋಡೆಯಿಂದಲೇ ಗೊತ್ತಾಗುತ್ತದೆ. ಅದಕ್ಕೇ ಆ ಸಾಲಿನ ಕೆಳಗೆ ‘ನೋಡುವವರು ಬರುವಾಗ, ಹೋಗುವಾಗ’ ಅಂತ ಬರೆದು ಉಳಿಸಿಕೊಂಡೆ. ಇಂಥವು ಜಾಸ್ತಿ ಇರಬಾರದು. ನಮ್ಮ ಪಟ್ಟಿಯಲ್ಲಿ ಐದಿವೆ. ಈಗ ಒಟ್ಟು 71 ಸಾಲು.

ಸಿನಾಪ್ಸಿಸ್, ಟ್ರೀಟ್‌ಮೆಂಟ್

ಸಿನಾಪ್ಸಿಸ್ ಅಂದರೆ ಒಂದೆರಡು ಪುಟದ ಸಾರಾಂಶ, ಕೊನೆಯನ್ನೂ ಬಿಟ್ಟುಕೊಡಬೇಕು. ಟ್ರೀಟ್‌ಮೆಂಟ್ ಅಂದರೆ ಅದೇ ಕಥೆ ವರ್ತಮಾನ ಕಾಲದಲ್ಲಿ, ಕಣ್ಣಿಗೆ ಕಾಣುವ ಹಾಗೆ, ಮಾತುಗಳು ಹೆಚ್ಚು ಇಲ್ಲದೆ. ಆರ್ಡರ್ ಸರಿಯಿದ್ದರೆ ಇವೆರಡೂ ಬೇಗ ಆಗುತ್ತವೆ.

ಬೇರೆಯವರ ಕಥೆ ತೆಗೆದುಕೊಂಡರೆ

ನಾವು ಮೊದಲು ಒಂದು ಹಳೆಯ ಸಣ್ಣಕಥೆ ಮಾಡೋಣ ಅಂದುಕೊಂಡಿದ್ದೆವು. ಆಗ ಕಲಿತದ್ದು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಅಂದರೆ 2046ರ ಕೊನೆಯವರೆಗೆ ಅನುಮತಿ ಬೇಕು. ಮುಳಬಾಗಿಲಿನ ಡಿವಿಜಿ 1975ರಲ್ಲಿ, ಅವರದು 2035ರ ಕೊನೆಯವರೆಗೆ. ‘ಹಳೇ ಕಥೆ, ಯಾರು ಕೇಳ್ತಾರೆ’ ಅನ್ನುವ ಮಾತು ನಂಬಬೇಡಿ.

ಪೂರ್ತಿ ಹಕ್ಕು ಕೊಳ್ಳಲು ದುಡ್ಡಿಲ್ಲದಿದ್ದರೆ ಆಪ್ಷನ್ ಅಂತ ಇದೆ. ಸ್ವಲ್ಪ ದುಡ್ಡು ಕೊಟ್ಟು, ಇಂತಿಷ್ಟು ತಿಂಗಳು ಬೇರೆಯವರಿಗೆ ಕೊಡಬೇಡಿ ಅಂತ ಒಪ್ಪಂದ ಮಾಡಿಕೊಳ್ಳೋದು. ಹಕ್ಕು ಬರೆಸಿಕೊಳ್ಳುವಾಗ ಬಾಯಿಮಾತು ನಡೆಯಲ್ಲ, ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಕಾನೂನು ತಿಳಿದುಕೊಳ್ಳುತ್ತದೆ. ಬೇರೆ ರೀತಿ ಬರೆದಿಲ್ಲದಿದ್ದರೆ, ಒಂದು ವರ್ಷ ಆ ಹಕ್ಕು ಬಳಸದೆ ಬಿಟ್ಟರೂ ಅದು ಕೈಬಿಡುತ್ತದೆ. ಸ್ಕ್ರಿಪ್ಟ್‌ಗೇ ಒಂದು ವರ್ಷ ಹಿಡಿಯಬಹುದು, ಅದಕ್ಕೆ ಒಪ್ಪಂದದಲ್ಲಿ ಈ ವಿಷಯ ಮೊದಲೇ ನೋಡಿಕೊಳ್ಳಿ.

ಒಂದು ಪುಟ, ಒಂದು ನಿಮಿಷ

ಸ್ಕ್ರಿಪ್ಟ್‌ನ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅಂತಾರೆ. ಈ ಲೆಕ್ಕ ಇಂಗ್ಲಿಷ್ ಸ್ಕ್ರಿಪ್ಟ್‌ನದು, ಕೊರಿಯರ್ ಅನ್ನುವ ಫಾಂಟ್, 12 ಪಾಯಿಂಟ್ ಅಳತೆ. ಕನ್ನಡ ಲಿಪಿಗೆ ಅದನ್ನು ಹಾಗೇ ನಂಬೋಕೆ ಆಗಲ್ಲ. ನಾವು ಮೊಬೈಲ್‌ನಲ್ಲಿ ಟೈಮರ್ ಇಟ್ಟು, ಮಾತುಗಳನ್ನು ಪಾತ್ರದ ಹಾಗೆ ಜೋರಾಗಿ ಓದುತ್ತೇವೆ, ಮಾತಿಲ್ಲದ ಕಡೆ ಕಣ್ಣು ಮುಚ್ಚಿ ಅಷ್ಟು ಹೊತ್ತು ಕಾಯುತ್ತೇವೆ. ಹುಳು ಮನೆಯ ರಾತ್ರಿ ಅರ್ಧ ಪುಟವೂ ಇಲ್ಲ. ಕಾದು ನೋಡಿದರೆ ಎರಡು ನಿಮಿಷ ಬಂತು.