ಅಚ್ಚಿನಲ್ಲಿ ಸರಿಯಿದ್ದ ಬಾನೆಟ್ ಗಾಡಿ ಮೇಲೆ ಯಾಕೆ ಕೂರಲ್ಲ?

ಪ್ರಶ್ನೆ: ಹಳೇ ಮಾರುತಿ 800ರ ಎಂಜಿನ್ ಹಾಕಿ, ಪೈಪ್ ಚಾಸಿ ಮೇಲೆ ಒಂದು ಬಗ್ಗಿ (ಪುಟ್ಟ ಗಾಡಿ) ಕಟ್ಟುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ. ಬಾನೆಟ್ಟು, ಎರಡು ಮಡ್‌ಗಾರ್ಡು ನಾನೇ ಫೈಬರಿನಲ್ಲಿ ಮಾಡಿದೆ. ಅಚ್ಚಿನಲ್ಲಿದ್ದಾಗ ಅಳತೆ ಸರಿಯಾಗಿತ್ತು. ವಾರ ಬಿಟ್ಟು ಗಾಡಿ ಮೇಲಿಟ್ಟರೆ ಬಾನೆಟ್ಟಿನ ಒಂದು ಮೂಲೆ ಬೆರಳು ತೂರುವಷ್ಟು ಮೇಲೆ ನಿಂತಿದೆ. ಅಚ್ಚು ಕೆಟ್ಟಿದೆಯಾ, ಚಾಸಿ ಸೊಟ್ಟಗಿದೆಯಾ, ಇಲ್ಲಾ ಫೈಬರ್ ಅಂದ್ರೆ ಹೀಗೇನಾ?

ಉತ್ತರ: ಮಳೆಗಾಲ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ನನಗೆ ತಪ್ಪದೇ ಬರುತ್ತದೆ. ಕೇಳುವ ಊರು ಬೇರೆ, ಗಾಡಿ ಬೇರೆ, ಮೂಲೆ ಮಾತ್ರ ಅದೇ. ಮೊದಲೇ ಒಂದು ಮಾತು ಕೇಳುತ್ತೇನೆ: ಬಾನೆಟ್ಟನ್ನು ಅಚ್ಚಿನಿಂದ ಯಾವಾಗ ಬಿಡಿಸಿದಿರಿ? "ಮಾರನೇ ದಿನ ಬೆಳಗ್ಗೆ" ಅಂತ ನಿಮ್ಮ ಉತ್ತರವಾದರೆ ಅಚ್ಚನ್ನೂ ಚಾಸಿಯನ್ನೂ ಸದ್ಯಕ್ಕೆ ಬೈಯಬೇಡಿ.

ಕೈ ಮುಟ್ಟಿದರೆ ಗಟ್ಟಿ, ಉಗುರು ಒತ್ತಿದರೆ ಗುರುತು ಬೀಳಲ್ಲ, ಹಾಗಾಗಿ ಸೆಟ್ ಆಯ್ತು ಅಂದುಕೊಳ್ಳುತ್ತೇವೆ. ಫೈಬರ್ ಕೆಲಸದ ಅಂಟು ದ್ರವ, ಅಂದರೆ ಪಾಲಿಯೆಸ್ಟರ್ ರೆಸಿನ್ ವಿಷಯದಲ್ಲಿ ಅದು ಅರ್ಧ ದಾರಿ. ಹಾರ್ಡ್‌ನರ್ ಬಿದ್ದ ಮೇಲೆ ರೆಸಿನ್ನು ಮೊದಲು ಜೆಲ್ಲಿಯಾಗುತ್ತದೆ, ಬಿಸಿಯಾಗುತ್ತದೆ, ಗಟ್ಟಿಯಾಗುತ್ತದೆ. ಅದಾದ ಮೇಲೂ ಒಳಗೊಳಗೇ ದಿನಗಟ್ಟಲೆ ಬಿಗಿಯುತ್ತಾ ಹೋಗುತ್ತದೆ. ಬಿಗಿಯುವಾಗ ಕುಗ್ಗುತ್ತದೆ. ಬರೀ ರೆಸಿನ್ನನ್ನು ಡಬ್ಬಿಯಲ್ಲಿ ಗಟ್ಟಿ ಮಾಡಿದರೆ ಗಾತ್ರದಲ್ಲಿ 5ರಿಂದ 8 ಶೇಕಡಾ ಕಮ್ಮಿಯಾಗುತ್ತದೆ. ಗಾಜಿನ ನಾರಿನ ಮ್ಯಾಟ್ ಸೇರಿದಾಗ ನಾರು ಹಿಡಿದುಕೊಳ್ಳುವುದರಿಂದ ಅಷ್ಟಾಗುವುದಿಲ್ಲ, ಆದರೆ ಎಳೆತ ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ಪ್ಯಾನೆಲ್ ಅಚ್ಚಿನೊಳಗಿದ್ದರೆ ಅಚ್ಚಿನ ಆಕಾರದಲ್ಲೇ ಬಿಗಿಯುತ್ತದೆ. ಗೋಡೆಗೆ ಒರಗಿದ್ದರೆ ಗೋಡೆಗೆ ಒರಗಿದ ಆಕಾರದಲ್ಲಿ!

ಹಲಸಿನ ಹಪ್ಪಳ ಬಿಸಿಲಿಗೆ ಹಾಕಿ ಮಗುಚುವುದು ಮರೆತವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಮುಖ ಮೊದಲು ಒಣಗಿ ಎಳೆಯುತ್ತದೆ, ಹಪ್ಪಳ ದೋಣಿಯಾಗುತ್ತದೆ. ಪ್ಯಾನೆಲ್ಲಿನಲ್ಲೂ ಜೆಲ್‌ಕೋಟ್ (ಅಚ್ಚಿಗೆ ಮೊದಲು ಬಳಿಯುವ ಹೊಳಪಿನ ಪದರ) ಇರುವ ಹೊರಮುಖ ಮತ್ತು ಮ್ಯಾಟ್ ಕಾಣುವ ಒಳಮುಖ ಒಂದೇ ಸಮನೆ ಸೆಟ್ ಆಗುವುದಿಲ್ಲ. ಅದರ ಜೊತೆಗೆ ಮೂಲೆಗಳಲ್ಲಿ ರೆಸಿನ್ ಮಡುಗಟ್ಟಿರುತ್ತದೆ. ಎಲ್ಲಿ ರೆಸಿನ್ ಜಾಸ್ತಿಯೋ ಅಲ್ಲಿ ಎಳೆತ ಜಾಸ್ತಿ. ಬಾನೆಟ್ಟಿನ ಎರಡೂ ಬದಿಯ ಮಡಿಕೆಗಳು ಒಳಕ್ಕೆ ವಾಲುವುದು ಇದೇ ಕಾರಣಕ್ಕೆ.

ನನ್ನದೇ ಕಥೆ ಹೇಳುತ್ತೇನೆ. ಜುಲೈ ತಿಂಗಳು, ಮೂರು ದಿನದಿಂದ ಬಿಡದ ಮಳೆ. ಶೆಡ್ಡಿನ ಒಳಗೆ 21 ಡಿಗ್ರಿ. ಭಾನುವಾರ ಗಾಡಿಯನ್ನು ಸ್ನೇಹಿತರಿಗೆ ತೋರಿಸುತ್ತೇನೆ ಅಂತ ಬಾಯಿಬಿಟ್ಟಿದ್ದೆ. ಶುಕ್ರವಾರ ಬೆಳಗ್ಗೆ ಮೂರು ಪದರ ಮ್ಯಾಟ್ ಹಾಕಿದೆ. ಶನಿವಾರ ಸಂಜೆ ತಟ್ಟಿ ನೋಡಿದೆ, ಗಟ್ಟಿ ಅನ್ನಿಸಿತು. ಮರದ ಬೆಣೆ ಹೊಡೆದೆ. ಟಪ್ ಅಂತ ಬಿಟ್ಟುಕೊಂಡಿತು. ಎಂಥ ಹೊಳಪು! ನೋಡಿ ಖುಷಿಯಾಗಿ, ಗೋಡೆಗೆ ನಿಲ್ಲಿಸಿ ಊಟಕ್ಕೆ ಹೋದೆ. ಬೆಳಗ್ಗೆ ಗಾಡಿ ಮೇಲಿಟ್ಟರೆ ಎಡ ಮೂಲೆ 14 ಮಿಲಿಮೀಟರ್ ಮೇಲೆ. ಒತ್ತಿದರೆ ಕೆಳಗೆ ಬರುತ್ತದೆ, ಬಿಟ್ಟರೆ ಎದ್ದು ನಿಲ್ಲುತ್ತದೆ. ಆಗ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಬೋಲ್ಟ್ ಹಾಕಿ ಎಳೆದು ಬಿಗಿದೆ. ಎರಡು ವಾರದಲ್ಲಿ ಬೋಲ್ಟಿನ ಸುತ್ತ ಜೇಡರ ಬಲೆಯಂಥ ಬಿರುಕು ಮೂಡಿತು. ಪೇಂಟಿನ ದುಡ್ಡೂ ಹೋಯಿತು.

ಹಾಗಾದರೆ ಎಷ್ಟು ದಿನ ಬಿಡಬೇಕು? ಬೇಸಿಗೆಯಲ್ಲಿ ಶಿವಮೊಗ್ಗದ ತಗಡಿನ ಶೆಡ್ಡಿನೊಳಗೆ 35 ಡಿಗ್ರಿ ಇರುವಾಗ ಎರಡು ದಿನ ಸಾಕು. ನಮ್ಮ ಕಡೆ ಮಳೆಗಾಲದಲ್ಲಿ ನಾನು ಒಂದು ವಾರ ಬಿಡುತ್ತೇನೆ. ಅಂದಾಜಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ: 10 ಡಿಗ್ರಿ ತಣ್ಣಗಾದರೆ ಸೆಟ್ ಆಗುವ ಹೊತ್ತು ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. 15 ಡಿಗ್ರಿಗಿಂತ ಕೆಳಗೆ ಕೆಲಸಕ್ಕೆ ಕೈ ಹಾಕಲೇಬೇಡಿ. ಪರೀಕ್ಷೆ ಸುಲಭ. ಹೊರಗೆ ಚಾಚಿದ ಅಂಚಿನಿಂದ ಒಂದು ಚೂರು ಕತ್ತರಿಸಿ, ಕತ್ತರಿಸಿದ ಮುಖಕ್ಕೆ ಅಸಿಟೋನ್ ಬಟ್ಟೆ ಉಜ್ಜಿ. ಮೆತ್ತಗಾಗಿ ಅಂಟಿದರೆ ಇನ್ನೂ ಹಸಿ. ನಾಣ್ಯದಿಂದ ತಟ್ಟಿದರೂ ಗೊತ್ತಾಗುತ್ತದೆ. ಹಸಿ ಪ್ಯಾನೆಲ್ "ಥಪ್" ಅನ್ನುತ್ತದೆ, ಬಲಿತದ್ದು "ಟಣ್" ಅನ್ನುತ್ತದೆ. ಒಳಮುಖದ ಅಂಟು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಮೇಣ ಬೆರೆಸದ ರೆಸಿನ್ ಗಾಳಿ ತಾಗುವ ಮುಖದಲ್ಲಿ ಹೇಗಿದ್ದರೂ ಸ್ವಲ್ಪ ಅಂಟಂಟಾಗಿಯೇ ಉಳಿಯುತ್ತದೆ.

"ಹಾರ್ಡ್‌ನರ್ ಸ್ವಲ್ಪ ಜಾಸ್ತಿ ಹಾಕಿದರೆ ಆಯ್ತಲ್ವಾ?" ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಆಗಲ್ಲ. ಒಂದು ಕೆ.ಜಿ. ರೆಸಿನ್ನಿಗೆ 10ರಿಂದ 20 ಗ್ರಾಂ ಅದರ ಮಿತಿ. ತಂಪಿನಲ್ಲಿ 20ರ ಕಡೆಗೆ, ಬಿಸಿಲಿನಲ್ಲಿ 10ರ ಕಡೆಗೆ. ಹಾರ್ಡ್‌ನರ್ ಬಾಟಲಿಯಲ್ಲಿ ಇರುವುದೆಲ್ಲ ಹಾರ್ಡ್‌ನರ್ ಅಲ್ಲ. ಅದು ಸಿಡಿಯದ ಹಾಗೆ ಇಡಲು ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಸುರಿದಷ್ಟೂ ಆ ಎಣ್ಣೆ ಪ್ಯಾನೆಲ್ಲಿನೊಳಗೆ ಉಳಿದು ಅದನ್ನು ಮೆತ್ತಗೇ ಇಡುತ್ತದೆ. 10 ಗ್ರಾಂಗಿಂತ ಕಮ್ಮಿಯಾದರೆ ತಿಂಗಳು ಕಾದರೂ ಪೂರ್ತಿ ಬಲಿಯುವುದಿಲ್ಲ. ಮುಚ್ಚಳದ ಅಳತೆ, ಕಣ್ಣಂದಾಜು ಬಿಡಿ. ಅಕ್ಕಸಾಲಿಗರ ತರಹದ ಚಿಕ್ಕ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಎರಡು ಸಲ ಓದಿ. ರೆಸಿನ್ ಜೊತೆ ನೇರಳೆ ಬಣ್ಣದ ಕೋಬಾಲ್ಟ್ (ರೆಸಿನ್ ಬೇಗ ಸೆಟ್ ಆಗಲು ಬೆರೆಸುವ ದ್ರವ) ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ, ಅದನ್ನೂ ಹಾರ್ಡ್‌ನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್‌ನರ್. ಎರಡಕ್ಕೂ ಒಂದೇ ಚಮಚ ಬಳಸಬೇಡಿ. ಇನ್ನೊಂದು: ಶೆಡ್ ಬೆಚ್ಚಗಿರಲಿ ಅಂತ ಕೆಂಡದ ಬಾಣಲೆ ತಂದಿಡುವವರನ್ನು ನೋಡಿದ್ದೇನೆ. ರೆಸಿನ್ನಿನ ಘಾಟು ವಾಸನೆ ಬರುವುದು ಅದರಲ್ಲಿರುವ ಸ್ಟೈರೀನ್ ಎಂಬ ದ್ರವದಿಂದ. ಅದರ ಆವಿ ಸುಮಾರು 31 ಡಿಗ್ರಿಗೇ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಬೆಂಕಿ ಬೇಡ ಮಾರಾಯ್ರೆ. ವಾಸನೆ ಪೂರ್ತಿ ಹೋದ ಮೇಲೆ ಅಚ್ಚಿನ ಮೇಲೆ ಗೋಣಿ ಹೊದಿಸಿ, ದೂರದಲ್ಲಿ ಎರಡು ದೊಡ್ಡ ಹಳೇ ತಂತಿ ಬಲ್ಬ್ (ಎಲ್.ಇ.ಡಿ. ಅಲ್ಲ) ಉರಿಸಿ. ಅಷ್ಟೇ ಸಾಕು.

ಮಲೆನಾಡಿನವರಿಗೆ ಇನ್ನೊಂದು ಕಾಟ ತೇವದ್ದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಬಟ್ಟೆಯೇ ಒಣಗದ ಕಡೆ ಮ್ಯಾಟ್ ಒಣಗಿರುತ್ತದೆಯೇ? ತೇವ ಹಿಡಿದ ಮ್ಯಾಟ್ ರೆಸಿನ್ ಕುಡಿಯುವುದಿಲ್ಲ, ಅಲ್ಲಲ್ಲಿ ಹಾಲಿನಂತೆ ಬಿಳುಪು ಉಳಿಯುತ್ತದೆ. ಅಲ್ಲಿ ಶಕ್ತಿ ಇಲ್ಲ. ಪ್ಯಾನೆಲ್ ಅಂಟದಿರಲಿ ಅಂತ ಅಚ್ಚಿಗೆ ಬಳಿಯುವ ಪಿ.ವಿ.ಎ. ಕೂಡ ನೀರಿನಲ್ಲಿ ಕರಗುವ ವಸ್ತು, ಮಳೆಗಾಲದಲ್ಲಿ ಗಂಟೆಗಟ್ಟಲೆ ಒಣಗುವುದಿಲ್ಲ. ನಾನು ಮ್ಯಾಟ್ ಸುರುಳಿಯನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಕೆಲಸದ ಹಿಂದಿನ ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ 60 ವಾಟ್ ಬಲ್ಬ್ ತೂಗುಹಾಕಿ, ತಾಗದ ಹಾಗೆ ದೂರದಲ್ಲಿ ಇಡುತ್ತೇನೆ. ಅಡುಗೆಮನೆ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡಬೇಡಿ. ಗಾಜಿನ ನಾರು ಕೆಳಗೆ ಉದುರಿದರೆ ಮನೆಯಲ್ಲಿ ಏನಾಗುತ್ತದೆ ಅಂತ ನಾನು ಬರೆಯಬೇಕಿಲ್ಲ. ಮೈಗೆ ಬಿದ್ದರೆ ನಸುಗುನ್ನಿ ಕಾಯಿ ತಾಗಿದ ಹಾಗೆ. ಗ್ರೈಂಡರ್ ಹಿಡಿಯುವಾಗ ಮಾಸ್ಕು, ಕನ್ನಡಕ, ಉದ್ದ ತೋಳಿನ ಅಂಗಿ, ಆಮೇಲೆ ತಣ್ಣೀರಿನ ಸ್ನಾನ. ನಿಜ ಹೇಳಬೇಕೆಂದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಫೈಬರ್ ಕೆಲಸ ಮುಗಿಸಿ, ಮಳೆಗಾಲವನ್ನು ವೈರಿಂಗಿಗೆ ಬಿಡುವುದು ಜಾಣತನ.

ಇನ್ನು "ಫೈಬರ್ ಅಂದ್ರೆ ಹೀಗೇನಾ" ಅಂದಿರಿ. ಹೀಗಲ್ಲ. ಅಮೆರಿಕದ ಕಾರ್ವೆಟ್ ಕಾರು 1953ರಿಂದಲೇ ಫೈಬರ್ ಮೈ ಹೊತ್ತು ಬಂದಿದೆ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ ಕಾರಿನ ಮೈಯೂ ಫೈಬರಿನದೇ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಮಾದರಿಯಾಗಿ ಇಟ್ಟುಕೊಂಡು ಮಾಡಿದ್ದು. ಅದರ ಬಾಗಿಲು ಹಾಕಿದರೆ ಮುಚ್ಚುತ್ತಿತ್ತು, ಬಾನೆಟ್ಟೂ ಕೂರುತ್ತಿತ್ತು.

ಅಚ್ಚಿನಲ್ಲಿ ಇರುವಾಗಲೇ ಮಾಡಬೇಕಾದ ಕೆಲಸ ಇನ್ನೊಂದಿದೆ, ಅದು ಪಕ್ಕೆಲುಬು, ಅಂದರೆ ಒಳಮುಖಕ್ಕೆ ಆಸರೆಯ ಪಟ್ಟಿ ಕೂರಿಸುವುದು. 450 ಗ್ರಾಂ (ಒಂದು ಚದರ ಮೀಟರಿನ ತೂಕ) ಮ್ಯಾಟಿನ ಒಂದು ಪದರ ಸುಮಾರು 1 ಮಿಲಿಮೀಟರ್ ಬರುತ್ತದೆ. ಬಾನೆಟ್ಟಿಗೆ ಮೂರು ಪದರ ಧಾರಾಳ. ಆದರೆ 3 ಮಿಲಿಮೀಟರ್ ದಪ್ಪದ ಅಗಲ ಹಾಳೆ ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ. ಜನ ಆಗ ಇನ್ನೂ ಎರಡು ಪದರ ಜಡಿಯುತ್ತಾರೆ. ತೂಕ ಜಾಸ್ತಿ, ಎಳೆತ ಜಾಸ್ತಿ, ಪ್ರಯೋಜನ ಕಮ್ಮಿ. ಅದರ ಬದಲು ವೈರಿಂಗ್ ಪೈಪನ್ನು ಉದ್ದಕ್ಕೆ ಸೀಳಿ, ಒಳಮುಖದಲ್ಲಿ ಅಡ್ಡಡ್ಡ ಮಲಗಿಸಿ, ಮೇಲೆ ಎರಡು ಪದರ ಮ್ಯಾಟ್ ಹಾಕಿ. ಬಾನೆಟ್ಟಿನ ಅಂಚನ್ನು ಪದರ ಹಾಕುವಾಗಲೇ 25 ಮಿಲಿಮೀಟರ್ ಒಳಕ್ಕೆ ಮಡಿಚಿರಿ. ಪಕ್ಕೆಲುಬನ್ನು ಪ್ಯಾನೆಲ್ ಬಲಿತ ಮೇಲೆ ಹಾಕಿ. ಹಸಿ ಪ್ಯಾನೆಲ್ಲಿಗೆ ಅಂಟಿಸಿದರೆ ಪೇಂಟ್ ಹೊಡೆದ ಮೇಲೆ ಹೊರಗಿನಿಂದ ಪೈಪಿನ ಗೆರೆ ಎದ್ದು ಕಾಣುತ್ತದೆ. ಪಕ್ಕೆಲುಬು ಸೆಟ್ ಆದ ಮೇಲೇ ಬಿಡಿಸಿ. ಬಿಡಿಸಿದ್ದನ್ನು ಗೋಡೆಗೆ ಒರಗಿಸದೆ ಅಚ್ಚಿನ ಮೇಲೇ ವಾಪಸ್ ಇಡಿ.

ಕೂರಿಸುವ ವಿಷಯಕ್ಕೆ ಬರೋಣ. ನೀವು ಚಾಸಿಯನ್ನು ಅನುಮಾನಿಸಿದ್ದೂ ಪೂರ್ತಿ ತಪ್ಪಲ್ಲ. ಗಾಡಿಯನ್ನು ಜಾಕಿನ ಮೇಲಿಟ್ಟು ಬಾನೆಟ್ ಹೊಂದಿಸುವವರಿದ್ದಾರೆ. ಪೈಪ್ ಚಾಸಿ ಜಾಕಿನ ಮೇಲೆ ಒಂದು ಥರ, ಚಕ್ರದ ಮೇಲೆ ಇನ್ನೊಂದು ಥರ ನಿಲ್ಲುತ್ತದೆ. ಎಂಜಿನ್ ಒಳಗಿರಬೇಕು, ನಾಲ್ಕೂ ಚಕ್ರ ಸಮ ನೆಲದ ಮೇಲಿರಬೇಕು. ಮೂಲೆಯಿಂದ ಮೂಲೆಗೆ ದಾರ ಎಳೆದು ಎರಡೂ ಕರ್ಣ ಅಳೆಯಿರಿ. 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ವೆಲ್ಡಿಂಗಿನವರ ಹತ್ತಿರ ಹೋಗಿ.

ಆಮೇಲೆ ಒಂದೇ ಒಂದು ತೂತು ಕೊರೆಯದೆ ಎಲ್ಲಾ ಪ್ಯಾನೆಲ್ಲನ್ನೂ ಸುಮ್ನೆ ಇಡಿ. ಮುಂದಿನ ಗಾಜಿನ ಬುಡದ ಪಟ್ಟಿ ಮೊದಲು, ಬಾನೆಟ್ ಆಮೇಲೆ, ಮಡ್‌ಗಾರ್ಡ್ ಕೊನೆಗೆ. ಸಂದುಗಳಲ್ಲಿ 5 ಮಿಲಿಮೀಟರ್ ಪ್ಲೈವುಡ್ ಚೂರು ಸಿಕ್ಕಿಸಿ ಮಾಸ್ಕಿಂಗ್ ಟೇಪಿನಿಂದ ಹಿಡಿಸಿ. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಇನ್ನೊಮ್ಮೆ ನೋಡಿ, ಕಣ್ಣಿಗೆ ಬೇರೆಯೇ ಕಾಣುತ್ತದೆ. ತೂತು ಕೊರೆಯುವಾಗ ಜೆಲ್‌ಕೋಟಿನ ಮೇಲೆ ಟೇಪ್ ಅಂಟಿಸಿ, ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ. ಜೆಲ್‌ಕೋಟ್ ಸಿಡಿಯದೆ ಸವೆದು ತೂತಾಗುತ್ತದೆ, ಆಮೇಲೆ ಸುಲ್ಟಾ. 6 ಮಿಲಿಮೀಟರ್ ಬೋಲ್ಟಿಗೆ 8 ಮಿಲಿಮೀಟರ್ ತೂತಿರಲಿ, ಅಗಲ ವಾಷರ್, ಮಧ್ಯೆ ರಬ್ಬರ್. ತೂತು ದೊಡ್ಡದು ಯಾಕೆಂದರೆ ಫೈಬರ್ ಬಿಸಿಗೆ ಉಕ್ಕಿಗಿಂತ ಎರಡು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನಕ್ಕೂ ಮುಂಜಾವಿಗೂ ಕಪ್ಪು ಬಾನೆಟ್ಟಿನ ಬಿಸಿಯಲ್ಲಿ 40 ಡಿಗ್ರಿ ವ್ಯತ್ಯಾಸ ಹಿಡಿದರೆ, 1.2 ಮೀಟರ್ ಉದ್ದದಲ್ಲಿ ಅದು ಚಾಸಿಗಿಂತ 1 ಮಿಲಿಮೀಟರಿಗೆ ಹತ್ತಿರ ಜಾಸ್ತಿ ಬೆಳೆಯುತ್ತದೆ. ಜಾಗ ಇಲ್ಲದಿದ್ದರೆ ತೂತಿನ ಸುತ್ತ ಬಿರುಕು. ಸಂದು ಉಳಿದ ಕಡೆ ರೆಸಿನ್ನಿಗೆ ಟಾಲ್ಕ್ ಪುಡಿ ಕಲಸಿದ ಪೇಸ್ಟ್ ತುಂಬಿ ಸಮ ಮಾಡಿ. ಬೋಲ್ಟಿನ ಬಲದಿಂದ ಎಳೆಯಬೇಡಿ.

ಕಾಗದಪತ್ರದ ಮಾತು ಒಂದು ಸಾಲಿನಲ್ಲಿ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್.ಸಿ.ಯಲ್ಲಿ ಇದ್ದದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವುದನ್ನು ತಡೆಯುತ್ತದೆ, ಆದ್ದರಿಂದ ಇಂಥ ಬಗ್ಗಿಯನ್ನು ನಿಮ್ಮ ತೋಟದೊಳಗೇ ಓಡಿಸಿ, ಸಾರ್ವಜನಿಕ ರೋಡಿಗೆ ತರಬೇಡಿ.

ಈಗ ನಿಮ್ಮ ಬಾನೆಟ್ಟು. ಬಿಸಾಡಬೇಡಿ. ಅಚ್ಚು ಇನ್ನೂ ಇದೆ ಅಲ್ವಾ? ಮೇಣ ಹಚ್ಚಿ ಬಾನೆಟ್ಟನ್ನು ಅದರೊಳಗೆ ವಾಪಸ್ ಕೂರಿಸಿ. ಎದ್ದ ಮೂಲೆಗೆ ಮರದ ತುಂಡಿಟ್ಟು ಕ್ಲಾಂಪ್ ಬಿಗಿಯಿರಿ, ಅಚ್ಚಿಗಿಂತ ಎರಡು ಮೂರು ಮಿಲಿಮೀಟರ್ ಆಚೆಗೇ ಒತ್ತಿದರೂ ಸರಿ, ಬಿಟ್ಟಾಗ ಸ್ವಲ್ಪ ವಾಪಸ್ ಬರುತ್ತದೆ. ಗೋಣಿ ಹೊದಿಸಿ, ಬಲ್ಬ್ ಇಟ್ಟು, ಕೈ ಇಟ್ಟರೆ ಹೆಚ್ಚು ಹೊತ್ತು ತಾಳಲಾಗದಷ್ಟು, ಅಂದರೆ 50 ಡಿಗ್ರಿ ಆಸುಪಾಸು ಬೆಚ್ಚಗೆ ಏಳೆಂಟು ಗಂಟೆ ಇಡಿ. ಆರಲಿ. ತಣ್ಣಗಾದ ಮೇಲೆ, ಕ್ಲಾಂಪ್ ಇರುವಾಗಲೇ, ಆ ಮೂಲೆಗೆ ಅಡ್ಡಲಾಗಿ ಒಂದು ಪಕ್ಕೆಲುಬು ಹಾಕಿ. ವಾರ ಬಿಟ್ಟು ಬಿಚ್ಚಿ. ನನ್ನ 14 ಮಿಲಿಮೀಟರ್ ಹೀಗೆ ಮಾಡಿದ ಮೇಲೆ 3ಕ್ಕೆ ಇಳಿಯಿತು. ಉಳಿದದ್ದು ರಬ್ಬರ್ ಬೀಡಿಂಗಿನ ಕೆಳಗೆ ಮುಚ್ಚಿಹೋಗಿದೆ, ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ.