ಮಾಂಟ್ರಿಯಲ್ ನ್ಯೂರೋ: ಒಂದು ಸಾಲಿನ ಉತ್ತರಕ್ಕಿಂತ ಸ್ವಲ್ಪ ಜಾಸ್ತಿ

‘ಮಾಂಟ್ರಿಯಲ್ ನ್ಯೂರೋ’ ಅಂದರೆ ಮಾಂಟ್ರಿಯಲ್ ನ್ಯೂರಾಲಜಿಕಲ್ ಇನ್‌ಸ್ಟಿಟ್ಯೂಟ್, ಮಿದುಳು-ನರರೋಗಗಳ ಸಂಸ್ಥೆ. ಅದನ್ನು ಯಾರು, ಯಾವಾಗ, ಎಲ್ಲಿ ಶುರುಮಾಡಿದರು? ‘ಪೆನ್‌ಫೀಲ್ಡ್, 1934, ಮ್ಯಾಕ್‌ಗಿಲ್ ವಿಶ್ವವಿದ್ಯಾಲಯ’. ಸೈಕಾಲಜಿ ಪೇಪರ್‌ಗೆ ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ಆಮೇಲೆ ಕಥೆ ಓದಿದೆ, ಇಸವಿ ತಾನಾಗೇ ತಲೆಯಲ್ಲಿ ಕೂತಿತು.

ವೈಲ್ಡರ್ ಪೆನ್‌ಫೀಲ್ಡ್ ಮಿದುಳಿನ ಸರ್ಜನ್. 1928ರಲ್ಲಿ ಕೆನಡಾದ ಮಾಂಟ್ರಿಯಲ್‌ಗೆ ಬಂದರು. ಅದೇ ವರ್ಷ ಸ್ವಂತ ಅಕ್ಕ ರೂತ್‌ಗೆ ಮಿದುಳಿನ ಗಡ್ಡೆಯ ಆಪರೇಷನ್ ಮಾಡಿದರು. ಗಡ್ಡೆ ಪೂರ್ತಿ ಬರಲಿಲ್ಲ, ಕೆಲವೇ ವರ್ಷಗಳಲ್ಲಿ ಅಕ್ಕ ತೀರಿಕೊಂಡರು. ಸರ್ಜನ್, ನರರೋಗದ ಡಾಕ್ಟರ್, ಲ್ಯಾಬಿನವರು ಎಲ್ಲ ಒಂದೇ ಸೂರಿನಡಿ ಕೆಲಸ ಮಾಡಬೇಕು ಅನ್ನೋದು ಅವರ ಹಟ. ರಾಕ್‌ಫೆಲ್ಲರ್ ಫೌಂಡೇಶನ್ 12 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿತು. 1934ರಲ್ಲಿ ಸಂಸ್ಥೆ ಬಾಗಿಲು ತೆರೆಯಿತು.

ಅಲ್ಲಿ ಫಿಟ್ಸ್ ರೋಗಿಗಳಿಗೆ ಎಚ್ಚರವಿದ್ದಾಗಲೇ ಆಪರೇಷನ್ ಮಾಡುತ್ತಿದ್ದರು. ನೆತ್ತಿಯ ಚರ್ಮಕ್ಕೆ ಮಾತ್ರ ಮರಗಟ್ಟುವ ಮದ್ದು, ಯಾಕೆಂದರೆ ಮಿದುಳಿಗೆ ತನ್ನದೇ ನೋವು ಗೊತ್ತಾಗುವುದಿಲ್ಲ. ಸಣ್ಣಗೆ ಕರೆಂಟ್ ಮುಟ್ಟಿಸಿ ‘ಏನನಿಸಿತು?’ ಅಂತ ಕೇಳುವುದು, ರೋಗಿ ಹೇಳಿದ ಜಾಗಕ್ಕೆ ನಂಬರ್ ಬರೆದ ಪುಟ್ಟ ಚೀಟಿ ಇಡುವುದು. ಮೈಯ ಯಾವ ಭಾಗಕ್ಕೆ ಮಿದುಳಿನಲ್ಲಿ ಎಲ್ಲಿ, ಎಷ್ಟು ಜಾಗ ಅಂತ ತೋರಿಸುವ 1937ರ ನಕ್ಷೆ ಆಗಿದ್ದು ಹೀಗೇ. ಅದರಲ್ಲಿ ಬೆನ್ನಿಗೆ ಚೂರೇ ಜಾಗ, ಕೈಬೆರಳು, ತುಟಿಗಳಿಗೆ ಭಾರೀ ಜಾಗ. ರೊಟ್ಟಿ ಬಡಿಯುವ ಕೈ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ನೋಟ್ಸ್‌ಗಳು ಇಲ್ಲಿಗೇ ನಿಲ್ಲುತ್ತವೆ. ನನಗೆ ಇದಕ್ಕಿಂತ ದೊಡ್ಡದು ಅನಿಸಿದ್ದು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಬಂದ ಮೇಲಿನದು. 1950ರಲ್ಲಿ ಅವರು ಪೆನ್‌ಫೀಲ್ಡ್ ರೋಗಿಗಳ ನೆನಪನ್ನು ಪರೀಕ್ಷಿಸಲು ಶುರುಮಾಡಿದರು. ಮಿದುಳಿನ ಒಂದೇ ಬದಿಗೆ ಆಪರೇಷನ್ ಆಗಿದ್ದ ಇಬ್ಬರಿಗೆ ಹೊಸದೇನೂ ನೆನಪು ಉಳಿಯುತ್ತಿರಲಿಲ್ಲ. ಆ ವರದಿ ನೋಡಿ ಅಮೆರಿಕದ ಸರ್ಜನ್ ಸ್ಕೋವಿಲ್ ‘ನನ್ನ ಹತ್ತಿರವೂ ಇಂಥ ರೋಗಿ ಇದ್ದಾನೆ’ ಅಂತ ತಿಳಿಸಿದರು. ಹೆಸರು ಗುಟ್ಟಾಗಿಡಲು ಬರೀ ‘ಎಚ್.ಎಂ.’ ಅಂತ ಕರೆದ ರೋಗಿ ಅವನೇ. 1953ರಲ್ಲಿ ಅವನಿಗೆ ಎರಡೂ ಬದಿಯ ಹಿಪೊಕ್ಯಾಂಪಸ್‌ನ (ಹೊಸ ನೆನಪು ಉಳಿಯಲು ಬೇಕಾದ ಮಿದುಳಿನ ಭಾಗ) ದೊಡ್ಡ ಪಾಲನ್ನೇ ತೆಗೆದಿದ್ದರು.

ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ಎಳೆಯಲು ಕೊಟ್ಟರು. ಸಪ್ತಾಪುರದ ನಮ್ಮ ರೂಮಿನಲ್ಲಿ ಗಡ್ಡ ಬೋಳಿಸುವ ಕನ್ನಡಿ ಇಟ್ಟುಕೊಂಡು ನಾನೂ ಮಾಡಿ ನೋಡಿದೆ. ಮೂಲೆ ಬಂತು ಅಂದರೆ ಕೈ ಮಾತೇ ಕೇಳುವುದಿಲ್ಲ, ‘ಲೇ, ಪೆನ್ಸಿಲ್ ಎಲ್ಲಿ ಹೊಂಟೈತಿ?’ ಅಂತ ರೂಮ್‌ಮೇಟ್ ನಗುತ್ತಿದ್ದ. ಮರುದಿನ ಸ್ವಲ್ಪ ನೆಟ್ಟಗಾಯಿತು. ಎಚ್.ಎಂ.ಗೂ ಮೂರು ದಿನದಲ್ಲಿ ಕೈ ಪಳಗಿತು. ಆದರೆ ಈ ಕೆಲಸ ಹಿಂದೆ ಮಾಡಿದ್ದೇ ಅವನಿಗೆ ನೆನಪಿರಲಿಲ್ಲ. ಕೈ ಕಲಿಯುವ ದಾರಿ ಬೇರೆ, ನಡೆದದ್ದನ್ನು ನೆನಪಿಡುವ ದಾರಿ ಬೇರೆ ಅಂತ ಗೊತ್ತಾಗಿದ್ದು ಹೀಗೆ. ಕನ್ನಡಿ ಸಿಕ್ಕರೆ ನೀವೂ ಒಮ್ಮೆ ಎಳೆದು ನೋಡಿ.